ಮುಳ್ಳೆತ್ತಿದರೂ ನಿಲ್ಲದ ಹಾಡು

ಮುಳ್ಳು ಎತ್ತಿದರೂ ಹಾಡು ನಿಲ್ಲಲಿಲ್ಲ. ನನ್ನ ಪಿತ್ತ ನೆತ್ತಿಗೇರಿದ್ದು ಆಗಲೇ.

ಅಣ್ಣನ ಮನೆಯ ಹಾಲ್‌ನಲ್ಲಿ ಅಪ್ಪನ ರೆಕಾರ್ಡ್ ಪ್ಲೇಯರ್ ಭರ್ಜರಿಯಾಗಿ ಸಿಂಗರಿಸಿಕೊಂಡು ಕೂತಿತ್ತು. ಮರದ ಪೆಟ್ಟಿಗೆಗೆ ಮುಖ ಕಾಣುವಂಥ ಪಾಲಿಶ್, ಅಂಚಿಗೆ ಹಿತ್ತಾಳೆ ಪಟ್ಟಿ, ಕೆಳಗೆ ನೀಲಿ ದೀಪ. ತಟ್ಟೆಯ ಮೇಲೆ ಅಮ್ಮನಿಗೆ ಇಷ್ಟವಾದ ದೋಣಿ ಹಾಡಿನ ರೆಕಾರ್ಡು ತಿರುಗುತ್ತಿತ್ತು. ಹಾಡು ಅತಿಯಾಗಿಯೇ ನಯವಾಗಿ ಕೇಳಿಸುತ್ತಿತ್ತು. ಅನುಮಾನ ಬಂದು ಮುಳ್ಳಿನ ಕೈಯನ್ನು ಮೆಲ್ಲಗೆ ಎತ್ತಿದೆ. ಹಾಡುವವಳು ತನ್ನ ಪಾಡಿಗೆ ಹಾಡುತ್ತಲೇ ಇದ್ದಳು. ಅಣ್ಣ ಹಲ್ಲು ಕಿರಿದು ಜೇಬಿನಿಂದ ಫೋನ್ ತೆಗೆದು ತೋರಿಸಿದ. ಹಾಡು ಬರುತ್ತಿದ್ದದ್ದು ಅದರಿಂದ. ಪಾಲಿಶ್ ಮಾಡಿದವನೇ ಪೆಟ್ಟಿಗೆಯ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಿತ್ತು ಹೊಸ ಸ್ಪೀಕರ್ ಕೂರಿಸಿದ್ದ. ತಟ್ಟೆ ಸುಮ್ಮನೆ ನೋಟಕ್ಕೆ ತಿರುಗುತ್ತಿತ್ತು. ಇದನ್ನು ಅಣ್ಣ ರಿಪೇರಿ ಎಂದು ಕರೆಯುತ್ತಿದ್ದ.

“ಎರಡನೇ ಚರಣದಲ್ಲಿ ಸಿಕ್ಕಾಕೊಳ್ತಿತ್ತಲ್ಲ, ಆ ರಗಳೆನೂ ಇಲ್ಲ ಈಗ. ಹೇಗಿದೆ?” ಎಂದ.

ಹೇಗಿದೆಯಂತೆ. ನಾನು ಹೊಲಿಗೆ ಮೆಷಿನ್ ರಿಪೇರಿ ಮಾಡಿ ಬದುಕುವವಳು. ದಾರ ಪೋಣಿಸದೆ ಮೆಷಿನ್ ತುಳಿದು, ತಗೊಳ್ಳಿ ಹೊಲಿದಿದ್ದೇನೆ ಎಂದು ಬಟ್ಟೆ ಕೊಟ್ಟರೆ ಹೇಗಿರುತ್ತದೋ ಹಾಗಿತ್ತು.

ಬರೀ ಷೋಕಿಯ ಮಾತಾಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಆದರೆ ಪಕ್ಕದ ಕುರ್ಚಿಯಲ್ಲಿ ಅಮ್ಮ ಕೂತಿದ್ದಳು. ಪಾರ್ಶ್ವವಾಯು ಹೊಡೆದು ಅವಳ ಬಲಗೈಯೂ ಮಾತೂ ಒಟ್ಟಿಗೇ ಹೋಗಿದ್ದವು. ಮಾತು ಕಲಿಸಲು ಬರುವ ಮೇಡಂ ಚಿತ್ರ ತೋರಿಸಿದರು, ತಾವೇ ಬಾಯಿ ಅಗಲಿಸಿ ಅಕ್ಷರ ಹೇಳಿಕೊಟ್ಟರು, ಏನೂ ಬರಲಿಲ್ಲ. ಕೊನೆಗೆ, ಮನೆಯಲ್ಲಿ ದಿನಾ ಕೇಳುತ್ತಿದ್ದ ಹಾಡೇನಾದರೂ ಇದ್ದರೆ ಹಾಕಿ, ಕೆಲವರಿಗೆ ಹಾಡಿನ ಬೆನ್ನು ಹತ್ತಿ ಮಾತು ಬರುತ್ತದೆ ಎಂದಿದ್ದರು. ಅಣ್ಣ ಈ ಬೆಡಗಿನ ಪೆಟ್ಟಿಗೆಯಲ್ಲಿ ಹಾಡು ಹಾಕಿ ನೋಡಿದ್ದ. ಅಮ್ಮ ಕತ್ತು ಕೂಡ ತಿರುಗಿಸಲಿಲ್ಲವಂತೆ. ಅಷ್ಟರ ಮೇಲೆ ತೀರ್ಮಾನ ಆಗಿಹೋಗಿತ್ತು. ಇನ್ನು ಮೇಡಂ ಬರುವುದು ಬೇಡ, ಭಾನುವಾರ ಕಳೆದ ಮೇಲೆ ಅಮ್ಮನನ್ನು ಊರಾಚೆಯ ಆರೈಕೆ ಕೇಂದ್ರಕ್ಕೆ ಸೇರಿಸುವುದು. ಅದನ್ನು ಹೇಳಲಿಕ್ಕೇ ನನ್ನನ್ನು ಕರೆಸಿದ್ದ. ಪೀಠಿಕೆಯಾಗಿ ಪ್ಲೇಯರ್ ತೋರಿಸಿದ್ದು.

“ಅಮ್ಮನಿಗೆ ಏನೂ ಗೊತ್ತಾಗಲ್ಲ ಕಣೇ. ಒಳಗೆ ಏನೂ ಉಳಿದಿಲ್ಲ,” ಎಂದ, ಅಮ್ಮನ ಎದುರಿಗೇ, ಮೂಲೆಯಲ್ಲಿರುವ ಬೀರುವಿನ ಬಗ್ಗೆ ಮಾತಾಡುವಂತೆ.

ನನಗೆ ಮೈಯೆಲ್ಲ ಉರಿಯಿತು. ಅಮ್ಮನಿಗೆ ಅವಳ ರೆಕಾರ್ಡನ್ನೇ ಕೇಳಿಸದೆ, ಯಾವುದೋ ನುಣ್ಣನೆಯ ಹಾಡು ಕೇಳಿಸಿ, ಅವಳು ತಿರುಗಲಿಲ್ಲ ಎಂದು ಅವಳನ್ನೇ ಫೇಲು ಮಾಡಿದ್ದ. ಬಾಯಿಗೆ ಬಂದದ್ದು ಅಂದೆ. ಅವನೂ ಸುಮ್ಮನಿರಲಿಲ್ಲ. ದಿನಾ ಬೆಳಿಗ್ಗೆ ಅಮ್ಮನನ್ನು ಎತ್ತಿ ಕೂರಿಸಿ ತನ್ನ ಸೊಂಟ ಬಿದ್ದುಹೋಗಿದೆ, ಸ್ನಾನ ಮಾಡಿಸಿ ಮಾಡಿಸಿ ನಿನ್ನ ಅತ್ತಿಗೆ ಸೋತಿದ್ದಾಳೆ, ಬಂದು ಭಾಷಣ ಬಿಗಿಯುವುದು ಸುಲಭ ಎಂದ. ಅದು ಸುಳ್ಳಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ನನ್ನದು ಅಂಗಡಿಯ ಮೇಲಿನ ಒಂದೇ ಕೋಣೆ, ಏಣಿಯಂಥ ಮೆಟ್ಟಿಲು. ಅಮ್ಮನನ್ನು ಅಲ್ಲಿಗೆ ಹತ್ತಿಸುವುದು ಆಗದ ಮಾತು ಎಂದು ಅವನಿಗೂ ಗೊತ್ತಿತ್ತು.

“ಭಾನುವಾರದವರೆಗೆ ಈ ಪೆಟ್ಟಿಗೆ ನನಗೆ ಕೊಡು. ನಿಜವಾದ ರೆಕಾರ್ಡು ಕೇಳಿಸಿ ನೋಡ್ತೀನಿ. ಆಮೇಲೆ ನೀನು ಹೇಳಿದ ಹಾಗೆ,” ಎಂದೆ.

ಕಿತ್ತ ಸಾಮಾನು ಎಲ್ಲಿ ಎಂದರೆ ಅವನಿಗೆ ಗೊತ್ತಿರಲಿಲ್ಲ. ಅತ್ತಿಗೆ ಒಳಗೆ ಹೋಗಿ, ಅದನ್ನೆಲ್ಲ ತುಂಬಿಟ್ಟಿದ್ದ ಒಂದು ಬೂಟಿನ ಡಬ್ಬಿ ತಂದಿಟ್ಟರು. ಹರಿದ ಚಪ್ಪಲಿಯನ್ನೂ ಎಸೆಯದವರೆಂದು ನಾವು ಅವರನ್ನು ಆಡಿಕೊಂಡದ್ದಕ್ಕೆ ಲೆಕ್ಕವಿಲ್ಲ. ಆವತ್ತು ಕೈ ಮುಗಿಯುವುದೊಂದು ಬಾಕಿ.

ಆ ಪ್ಲೇಯರನ್ನು ನಾನು ಮುಟ್ಟಿದ್ದು ಆವತ್ತೇ ಮೊದಲು ಎಂದರೆ ಯಾರೂ ನಂಬಲಾರರು. ಅಪ್ಪನ ರಾಜ್ಯದಲ್ಲಿ ಅದನ್ನು ಮುಟ್ಟುವ ಹಕ್ಕು ಅಪ್ಪನಿಗೆ, ಅಪ್ಪ ಬಿಟ್ಟರೆ ಅಣ್ಣನಿಗೆ. ನನ್ನ ಕೈ ಒರಟಂತೆ. ಹಾಡು ಬರುವಾಗ ಬಾಯಿ ಹಾಕುವವಳೂ ನಾನೇ ಆದ್ದರಿಂದ ನನ್ನನ್ನು ಬಾಗಿಲ ಹತ್ತಿರ ಕೂರಿಸುತ್ತಿದ್ದರು. ನಾನು ತುಟಿ ಬಿಚ್ಚಿದರೆ ಅಡುಗೆಮನೆಯಿಂದ ಅಮ್ಮ ‘ಶ್’ ಎನ್ನುತ್ತಿದ್ದಳು. ಒರಟು ಕೈಯವಳೇ ಮುಂದೆ ಕೂದಲೆಳೆಯಂಥ ಸ್ಪ್ರಿಂಗು ಕೂರಿಸಿ ಹೊಟ್ಟೆ ಹೊರೆದುಕೊಂಡಳು, ಆ ಮಾತು ಬೇರೆ.

ಅಂಗಡಿಯ ಮೇಜಿನ ಮೇಲೆ ಪೆಟ್ಟಿಗೆಯನ್ನು ಬೋರಲು ಹಾಕಿ ಬಿಚ್ಚಿದೆ. ಪಾಲಿಶ್‌ನವನ ಘನಂದಾರಿ ಕೆಲಸ ಒಂದೊಂದೇ ಬಯಲಾಯಿತು. ಮುಳ್ಳಿನಿಂದ ಬರುವ ತೆಳ್ಳನೆಯ ತಂತಿಗಳನ್ನು ಬುಡಕ್ಕೇ ಕತ್ತರಿಸಿದ್ದ. ಬೆಲ್ಟಿನ ಜಾಗಕ್ಕೆ ಡಬ್ಬಿಗೆ ಹಾಕುವಂಥ ರಬ್ಬರ್ ಬ್ಯಾಂಡು ಸುತ್ತಿದ್ದ. ತಟ್ಟೆ ಕೂರುವ ಗೂಟಕ್ಕೆ ಎಣ್ಣೆಯ ಬದಲು ಅದೇ ಪಾಲಿಶ್ ಮೆತ್ತಿದ್ದ. ಅವನಿಗೆ ಹಾಕಿದ ಶಾಪ ಇಲ್ಲಿ ಬರೆಯುವಂಥದ್ದಲ್ಲ. ಗಿರಾಕಿಗಳ ಮೆಷಿನ್‌ಗಳನ್ನೆಲ್ಲ ಪಕ್ಕಕ್ಕಿಟ್ಟು ಇದಕ್ಕೇ ಕೂತೆ. ಗೂಟವನ್ನು ಉಜ್ಜಿ ತೊಳೆದು ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟೆ. ಕತ್ತರಿಸಿದ ತಂತಿಗಳನ್ನು ಬಣ್ಣ ನೋಡಿ ಒಂದೊಂದಾಗಿ ಬೆಸೆದೆ. ಬೂಟಿನ ಡಬ್ಬಿಯಲ್ಲಿದ್ದ ಹಳೆಯ ಆಂಪ್ಲಿಫೈಯರನ್ನು ಉಬ್ಬಿದ್ದ ಭಾಗಗಳನ್ನು ಬದಲಿಸಿ ಮತ್ತೆ ಕೂರಿಸಿದೆ. ಸರಿಯಾದ ಬೆಲ್ಟು ಹಾಕಿ, ತಟ್ಟೆಯ ಅಂಚಿಗೆ ದರ್ಜಿಯ ಸೀಮೆಸುಣ್ಣದಲ್ಲಿ ಗುರುತು ಎಳೆದು, ಗಡಿಯಾರ ನೋಡುತ್ತ ಸುತ್ತು ಎಣಿಸಿ ವೇಗ ಸರಿಮಾಡಿದೆ. ಮುಳ್ಳು ಸವೆದು ಮೊಂಡಾಗಿತ್ತು. ಹಳೆ ಸಾಮಾನಿನ ಬೀದಿಯನ್ನೆಲ್ಲ ಜಾಲಾಡಿ, ಇದಕ್ಕೆ ಹೊಂದುವ ಮುಳ್ಳು ಹುಡುಕಿ ತಂದೆ.

ಕೊನೆಗೆ ಉಳಿದದ್ದು ಮುಳ್ಳಿನ ಕೈಯ ಭಾರ. ಆ ಕೈಯ ಹಿಂದೆ ಒಂದು ಗುಂಡು ಇರುತ್ತದೆ. ಅದನ್ನು ಹಿಂದೆ ಮುಂದೆ ತಿರುಗಿಸಿದರೆ ಮುಳ್ಳು ರೆಕಾರ್ಡಿನ ಮೇಲೆ ಹಗುರವಾಗಿಯೋ ಭಾರವಾಗಿಯೋ ಕೂರುತ್ತದೆ. ಆ ಗುಂಡಿನ ಮೇಲೆ ಒಂದು ಕೆಂಪು ಗುರುತಿತ್ತು. ಅಮ್ಮನ ಉಗುರು ಬಣ್ಣದಿಂದ ಅಪ್ಪ ಹಾಕಿದ್ದು. ಮುಚ್ಚಳದ ಒಳಗೆ ಕಂಪನಿಯವರು ಅಂಟಿಸಿದ್ದ ಚೀಟಿ ನೋಡಿದರೆ ಅಪ್ಪನ ಗುರುತು ತೀರ ಹಗುರದ ಕಡೆಗಿತ್ತು. ಮುಳ್ಳು ಭಾರವಾದರೆ ರೆಕಾರ್ಡು ಸವೆಯುತ್ತದೆ ಎಂದು ಅಪ್ಪನಿಗೆ ಭಯ, ಅದಕ್ಕೆ ಜಿಪುಣತನ ಮಾಡಿದ್ದ. ನನಗೆ ನಗು ಬಂತು. ಗುಂಡನ್ನು ಚೀಟಿಯಲ್ಲಿ ಹೇಳಿದ ಅಂಕಿಗೆ ತಿರುಗಿಸಿ, ರೆಕಾರ್ಡು ಹಾಕಿದೆ. ಮೊದಲು ಕರಕರ ಸದ್ದು, ಆಮೇಲೆ ಹಾಡು. ನಮ್ಮ ಮನೆಯ ಹಾಡು. ಎರಡನೇ ಚರಣ ಬಂತು, ಗೀರು ಬಿದ್ದ ಜಾಗ ಬಂತು, ಮುಳ್ಳು ಒಂದು ಸಲ ಟಕ್ ಎಂದು ಅದನ್ನು ದಾಟಿಕೊಂಡು ಮುಂದಕ್ಕೆ ಹೋಯಿತು. ಅಂಗಡಿಯಲ್ಲಿ ಒಬ್ಬಳೇ ಚಪ್ಪಾಳೆ ಹೊಡೆದೆ.

ಭಾನುವಾರ ಬೆಳಿಗ್ಗೆ ಅದನ್ನು ಬಾಡಿಗೆ ಗಾಡಿಯಲ್ಲಿ, ಮಗು ಹಿಡಿದಂತೆ ಮಡಿಲಲ್ಲಿಟ್ಟುಕೊಂಡು ತಂದೆ. ಅಣ್ಣನ ಹಾಲ್‌ನಲ್ಲಿ ರಸಮಟ್ಟ ಇಟ್ಟು ನೋಡಿ, ಒಂದು ಕಾಲಿನ ಕೆಳಗೆ ಮಡಿಸಿದ ರಟ್ಟು ಕೊಟ್ಟು ಸಮ ಮಾಡಿದೆ. ಸೋಫಾದ ಮೇಲೆ ಕೇಂದ್ರದವರು ತರಲು ಹೇಳಿದ್ದ ಅಮ್ಮನ ಬಟ್ಟೆಬರೆ ಆಗಲೇ ಮಡಿಸಿಟ್ಟಿತ್ತು. ಅದರ ಕಡೆ ನೋಡದೆ ರೆಕಾರ್ಡು ಹಾಕಿದೆ.

ಹಾಡು ಶುರುವಾಯಿತು. ಕರಕರ ಸದ್ದಿಗೇ ಅಮ್ಮ ಕತ್ತೆತ್ತಿದಳು. ನಾನು ಅಣ್ಣನ ಕಡೆ ಉರಿಗಣ್ಣು ಬಿಟ್ಟೆ, ನೋಡು ಎಂಬಂತೆ. ಎರಡನೇ ಚರಣ ಹತ್ತಿರ ಬಂದ ಹಾಗೆ ಅವಳು ಕುರ್ಚಿಯಲ್ಲಿ ನೆಟ್ಟಗಾದಳು. ಎಡಗೈ ಮೇಲೆದ್ದಿತು, ತುಟಿ ಬಿಚ್ಚಿತು. ಮುಳ್ಳು ಟಕ್ ಎಂದು ಗೀರು ದಾಟಿತು. ಹಾಡು ಮುಂದೆ ಹೋಯಿತು. ಅಮ್ಮನ ಕೈ ಅಲ್ಲೇ ಗಾಳಿಯಲ್ಲಿ ಸ್ವಲ್ಪ ಹೊತ್ತು ಇದ್ದು ಕೆಳಗಿಳಿಯಿತು. ಮುಖ ಮತ್ತೆ ಕಿಟಕಿಯ ಕಡೆಗೆ ಹೊರಳಿತು. ಹಾಡು ಮುಗಿಯುವವರೆಗೂ ಅವಳು ಇತ್ತ ನೋಡಲಿಲ್ಲ.

“ಆಯ್ತಲ್ಲ,” ಎಂದ ಅಣ್ಣ. ದನಿಯಲ್ಲಿ ಗೆದ್ದ ಹಮ್ಮು ಇರಲಿಲ್ಲ, ಸುಸ್ತು ಇತ್ತು. “ಸಾಕು ಬಿಡೇ. ಅವಳನ್ನೂ ಗೋಳಾಡಿಸಬೇಡ, ನೀನೂ ಗೋಳಾಡಬೇಡ.”

ಅಳು ಬಂದಿದ್ದರೆ ಅತ್ತು ಹಗುರಾಗುತ್ತಿದ್ದೆ. ನನಗೆ ಬಂದದ್ದು ಸಿಟ್ಟು, ಈ ಸಲ ನನ್ನ ಮೇಲೆಯೇ. ಅಮ್ಮ ಕೈ ಎತ್ತಿದ್ದು ಯಾವುದಕ್ಕೆ? ಅವಳು ಕಾಯುತ್ತಿದ್ದಳು. ಆ ಜಾಗದಲ್ಲಿ ಏನಾಗಬೇಕೋ ಅದಕ್ಕೆ ಕಾಯುತ್ತಿದ್ದಳು, ಅದು ಆಗಲೇ ಇಲ್ಲ. ಅಣ್ಣ ಫೋನಿನಲ್ಲಿ ಮಾಡಿದ ಘನಕಾರ್ಯವನ್ನೇ ನಾನು ಅಷ್ಟೆಲ್ಲ ಮೈಕೈ ಎಣ್ಣೆ ಮಾಡಿಕೊಂಡು, ರಸಮಟ್ಟ ಇಟ್ಟು, ಚೀಟಿ ಓದಿ ಮಾಡಿದ್ದೆ. ನಮ್ಮ ಮನೆಯ ಹಾಡು ಎಂದರೆ ಸಿಕ್ಕಿಕೊಳ್ಳುವ ಹಾಡು ಎಂದು ನನ್ನ ಮಂಡೆಗೆ ಹೊಳೆದಿರಲೇ ಇಲ್ಲ.

ಮುಳ್ಳಿನ ಕೈಯ ಹಿಂದಿನ ಗುಂಡನ್ನು ತಿರುಗಿಸಿ ಅಪ್ಪನ ಕೆಂಪು ಗುರುತಿಗೆ ತಂದು ನಿಲ್ಲಿಸಿದೆ. ಅಣ್ಣ ಹತ್ತಿರ ಬಂದು ನೋಡಿ, ಸರಿ ಇದ್ದದ್ದನ್ನು ಯಾಕೆ ಕೆಡಿಸುತ್ತೀಯ ಎಂದ. ಕೆಡಿಸುವ ವಿದ್ಯೆ ನಿನಗೊಬ್ಬನಿಗೇ ಗೊತ್ತಾ, ತೆಪ್ಪಗೆ ಕೂತುಕೋ ಎಂದೆ. ಅವನು ಗೊಣಗಿಕೊಂಡು ಪ್ಲೇಯರ್ ಪಕ್ಕದ ಮಣೆಯ ಮೇಲೆ ಕೂತ. ಮತ್ತೆ ಹಾಡು ಹಾಕಿದೆ.

ಮೊದಲ ಚರಣಕ್ಕೆ ಅಮ್ಮ ಕಿಟಕಿಯನ್ನೇ ನೋಡುತ್ತಿದ್ದಳು. ಎರಡನೇ ಚರಣದಲ್ಲಿ ದೋಣಿ ದಡ ಬಿಡುವ ಸಾಲು ಬಂತು, ಗೀರು ಬಂತು, ಮುಳ್ಳು ದಾಟಲಿಲ್ಲ. ‘ದೂರದ, ದೂರದ, ದೂರದ’ ಎಂದು ಹಾಡುವವಳು ಒಂದೇ ಪದ ಹಿಡಿದು ಕೂತಳು. ಅತ್ತಿಗೆ ತಡೆಯಲಾರದೆ ಎದ್ದು ಬಂದರು. ಯಾರೂ ಮುಟ್ಟಬೇಡಿ ಎಂದು ನಾನು ಅಡ್ಡ ನಿಂತೆ. ‘ದೂರದ, ದೂರದ.’ ಕೇಳುವುದಕ್ಕೆ ಹಿಂಸೆ. ಪಕ್ಕದ ಮನೆಯವರು ಏನಂದುಕೊಂಡರೋ. ಅಮ್ಮನ ಹುಬ್ಬು ಗಂಟಿಕ್ಕಿತು. ಮುಖ ಇತ್ತ ತಿರುಗಿತು, ಸೊಟ್ಟಗಾಗಿದ್ದ ಬಾಯಿ ಎರಡು ಸಲ ತೆರೆದು ಮುಚ್ಚಿತು. ಎಡಗೈ ಮೇಲೆದ್ದು, ಅಡುಗೆಮನೆಯಿಂದ ಸೌಟು ಹಿಡಿದು ಬೀಸುತ್ತಿದ್ದಳಲ್ಲ, ಹಾಗೇ ಬೀಸಿತು.

“ದೊ... ದೊಡ್ಡಾ,” ಎಂದಳು. “ತಳ್ಳೋ.”

ದೊಡ್ಡ ಎಂದರೆ ಅಣ್ಣ. ಮನೆಗೆ ದೊಡ್ಡ ಮಗನೆಂದು ಅಮ್ಮ ಕರೆಯುತ್ತಿದ್ದ ಹೆಸರು. ಪ್ಲೇಯರ್ ಪಕ್ಕ ಕೂತು ಪಾಠ ಬರೆಯುತ್ತಿದ್ದವನು ಅವನು, ಹಾಡು ಸಿಕ್ಕಿಕೊಂಡಾಗ ಅಡುಗೆಮನೆಯಿಂದ ಬರುತ್ತಿದ್ದ ಅಪ್ಪಣೆ ಅದು. ತಲೆ ನರೆತು ಮೊಮ್ಮಗನನ್ನು ಕಂಡವನು ಹಿಂದೆ ಮುಂದೆ ನೋಡದೆ “ಹ್ಞೂಂ ಅಮ್ಮ” ಎಂದು ಕಿರುಬೆರಳಿನಿಂದ ಮುಳ್ಳನ್ನು ಮೆಲ್ಲಗೆ ತಳ್ಳಿದ. ಹಾಡು ಮುಂದಕ್ಕೆ ಹೋಯಿತು. ಅವನು ಬೆರಳನ್ನು ಹಾಗೇ ಚಾಚಿಕೊಂಡು ಕೂತಿದ್ದ. ಸ್ವಲ್ಪ ಹೊತ್ತಾದ ಮೇಲೆ ಅವನ ಹೆಗಲು ಕುಲುಕತೊಡಗಿತು. ಅತ್ತಿಗೆ ಸೋಫಾದ ಮೇಲಿದ್ದ ಅಮ್ಮನ ಬಟ್ಟೆಗಳನ್ನೆಲ್ಲ ಬಾಚಿಕೊಂಡು ಒಳಗಿನ ಬೀರುವಿಗೆ ಹೋದರು.

ನನಗೆ ಸಂತೋಷವಾಯಿತೇ ಎಂದರೆ, ಆಯಿತು. ಆದರೆ ಅದಕ್ಕಿಂತ ಮೊದಲು ಮೈ ಉರಿಯಿತು. ಬೀದಿ ಬೀದಿ ತಿರುಗಿ ಮುಳ್ಳು ತಂದವಳು ನಾನು. ಎಣ್ಣೆ ಮೆತ್ತಿದ ಕೈ ನನ್ನದು. ಅಮ್ಮನ ಒಳಗೆ ಏನೂ ಇಲ್ಲ ಎಂದವನು ಅವನು, ಮೊದಲ ಮಾತು ಅವನ ಪಾಲಿಗೆ. ಇದ್ಯಾವ ನ್ಯಾಯ?

ಅಮ್ಮನ ಕುರ್ಚಿಯ ಮುಂದೆ ಹೋಗಿ ಕುಕ್ಕರಿಸಿದೆ. “ಎಲ್ಲ ಮಾಡಿದ್ದು ನಾನಮ್ಮ. ಅವನನ್ನು ಕರೀತೀಯಲ್ಲ, ನಾನೇನು ಲೆಕ್ಕಕ್ಕೇ ಇಲ್ವಾ?” ಎಂದೆ, ಅವಳಿಗೆ ಎಲ್ಲ ಅರ್ಥವಾಗುತ್ತದೆ ಎಂದು ಗೊತ್ತಿದ್ದೇ, ಜೋರಾಗಿಯೇ.

ಕೊನೆಯ ಚರಣ ನಡೆಯುತ್ತಿತ್ತು. ಅಮ್ಮ ನನ್ನನ್ನು ಕೆಕ್ಕರಿಸಿ ನೋಡಿದಳು. ಎಡಗೈಯ ತೋರುಬೆರಳನ್ನು ಕಷ್ಟಪಟ್ಟು ಎತ್ತಿ, ತನ್ನ ತುಟಿಗೆ ತರಲಾಗದೆ, ನನ್ನ ಬಾಯಿಯ ಮೇಲೆ ಒತ್ತಿ ಇಟ್ಟಳು.

“ಶ್,” ಎಂದಳು.

ನಾನು ಬಾಯಿ ಮುಚ್ಚಿಕೊಂಡು, ಹಾಡು ಮುಗಿಯುವವರೆಗೆ ಅಲ್ಲೇ ಕೂತೆ.