ಘಟ್ಟ ಇಳಿಯದ ಸಮುದ್ರ

ಹೊಳೆನರಸೀಪುರದ ಪೇಟೆ ಬೀದಿಯಲ್ಲಿರುವ ಲತಾಳ ಸ್ಟುಡಿಯೋಗೆ ಮದುವೆ ಗೊತ್ತಾದ ಜೋಡಿಗಳು ಬರುವುದು ಹೊಸದೇನಲ್ಲ. ಆದರೆ ಆ ಮಧ್ಯಾಹ್ನ ಬಂದು ಕೂತ ಇಬ್ಬರು ಫೋಟೋ ತೆಗೆಸಲು ಬಂದವರಂತೆ ಇರಲಿಲ್ಲ, ಏನೋ ಕದ್ದು ಸಿಕ್ಕಿಬಿದ್ದವರಂತೆ ಇದ್ದರು. ಹುಡುಗಿ ನಿಧಿ, ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿರುವ ಪಂಚಾಕ್ಷರಯ್ಯನವರ ಮಗಳು. ಹುಡುಗ ಬಸವೇಶ, ಅರಕಲಗೂಡಿನಲ್ಲಿ ಹಾರ್ಡ್‌ವೇರ್ ಅಂಗಡಿಯವನು.

"ಅಕ್ಕಾ, ನಮಗೆ ಸಮುದ್ರ ಬೇಕು," ಎಂದಳು ನಿಧಿ.

"ಅದಕ್ಕೇನು, ಹೋಗೋಣ. ಬೆಳಗ್ಗೆ ಬೇಗ ಹೊರಟ್ರೆ ಸಂಜೆ ಬೆಳಕಿಗೆ ಆರಾಮಾಗಿ ಸೇರ್ಕೋತೀವಿ."

"ಅದೇ ಆಗಲ್ಲ. ಮದುವೆಗೆ ಮುಂಚೆ ಘಟ್ಟ ಇಳಿಯೋ ಹಂಗಿಲ್ಲ ಅಂದ್ಬುಟ್ಟವ್ರೆ ಅಪ್ಪಾಜಿ. ಬೇಕಾದ್ರೆ ಶೆಟ್ಟಿಹಳ್ಳಿಗೆ ಹೋಗಿ ತೆಗ್ಸಿಕೊಂಡು ಬನ್ನಿ ಅಂತಾರೆ."

"ಶೆಟ್ಟಿಹಳ್ಳಿಗೇನಾಗಿದೆ? ಎಲ್ಲರೂ ಅಲ್ಲೇ ತೆಗ್ಸೋದು."

"ಅದಕ್ಕೇ ಬೇಡ. ಅದೇ ಮುರುಕು ಚರ್ಚು, ಅದೇ ಕಮಾನಿನ ಕೆಳಗೆ ಕೈ ಹಿಡ್ಕೊಂಡು ನಿಲ್ಲೋದು. ಹಾಸನದಲ್ಲಿ ನಮ್ ಚಿಕ್ಕಪ್ಪನ ಮಗಳು ಅಂಡಮಾನ್‌ಗೆ ಹೋಗಿ ತೆಗ್ಸಿಕೊಂಡು ಬಂದವ್ಳೆ. ನಿಶ್ಚಿತಾರ್ಥದ ದಿನ ಅವಳ ಮುಂದೆ ನಮ್ದೂ ಬೀಚಲ್ಲೇ ಅಂದ್ಬುಟ್ಟೆ."

ಅಲ್ಲಿಯ ತನಕ ಗೋಡೆಯ ಮೇಲಿನ ಚಿತ್ರಗಳನ್ನೇ ನೋಡುತ್ತಿದ್ದ ಬಸವೇಶ ಮೆಲ್ಲಗೆ ಬಾಯಿಬಿಟ್ಟ. "ಎಡಿಟಿಂಗಲ್ಲಿ ಏನಾದ್ರೂ ಮಾಡಕಾಯ್ತದಾ ಮೇಡಂ?"

ಲತಾಳಿಗೆ ಈ ಮಾತು ಹಿಡಿಸುತ್ತಿರಲಿಲ್ಲ. ಇಲ್ಲದ ಹಡಗು, ಇಲ್ಲದ ಹಿಮ, ಇಲ್ಲದ ಅರಮನೆ ತಂದು ಜೋಡಿಯ ಹಿಂದೆ ಅಂಟಿಸುವ ಕೆಲಸವನ್ನು ಅವಳು ಆ ದಿನದವರೆಗೂ ಮಾಡಿರಲಿಲ್ಲ. ಅವಳಿಗಿದ್ದ ಹುಚ್ಚು ಬಣ್ಣದ್ದು. ಇದ್ದ ಚಿತ್ರವನ್ನೇ ಇಟ್ಟುಕೊಂಡು ನೆರಳಿಗೊಂದು ಛಾಯೆ, ಬೆಳಕಿಗೊಂದು ಛಾಯೆ ಕೊಟ್ಟು, ನೋಡಿದವರಿಗೆ ಚಳಿಯನ್ನೋ ಸಂಕಟವನ್ನೋ ಹಬ್ಬವನ್ನೋ ಹುಟ್ಟಿಸುವುದರಲ್ಲಿ ಅವಳನ್ನು ಮೀರಿಸುವವರು ಆ ಕಡೆ ಇರಲಿಲ್ಲ. ಹೇಮಾವತಿಯ ಹಿನ್ನೀರಿನ ಮುಂದೆ ನಿಂತಾಗಲೆಲ್ಲ, ಇದನ್ನು ಒಂದು ದಿನ ಸಮುದ್ರ ಮಾಡಿ ನೋಡಬೇಕು ಎಂಬ ತುಂಟ ಆಸೆಯೂ ಒಳಗೆ ಮಿಸುಕಾಡಿದ್ದುಂಟು.

"ಅಲೆ ಅಂಟಿಸಲ್ಲ, ಏನೂ ಅಂಟಿಸಲ್ಲ," ಎಂದಳು. "ಬಣ್ಣ ಮಾತ್ರ ತಿದ್ದುತೀನಿ. ಇದು ಸಮುದ್ರ ಅಂತ ನಾನು ಎಲ್ಲೂ ಹೇಳಲ್ಲ. ನೋಡಿದವರು ಅಂದ್ಕೊಂಡ್ರೆ ಅದು ಅವರ ಪಾಡು."

ಬೇಸಿಗೆಯ ಆರಂಭ. ಶೆಟ್ಟಿಹಳ್ಳಿಯ ಹತ್ತಿರ ಹೇಮಾವತಿಯ ಹಿನ್ನೀರು ಹಿಂದೆ ಸರಿದು, ಬೋಳು ದಡ ಅಗಲವಾಗಿ ಬಿದ್ದುಕೊಂಡಿತ್ತು. ಬಂದ ಜನವೆಲ್ಲ ಚರ್ಚಿನ ಕಡೆ ನಡೆದರೆ ಲತಾ ಅದಕ್ಕೆ ಬೆನ್ನು ಹಾಕಿ, ಜೋಡಿಯನ್ನು ದೂರದ ಮೂಲೆಗೆ ಕರೆದೊಯ್ದಳು. ಕ್ಯಾಮೆರಾವನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ, ಆಚೆ ದಡದ ಮರಗಳು ಸಂಜೆಯ ಮಬ್ಬಿನಲ್ಲಿ ಕರಗುವ ತನಕ ಕಾದಳು. ವಿಡಿಯೋ ಹಿಡಿಯುತ್ತಿದ್ದ ಗಂಡ ಮಂಜೇಶನಿಗೆ ಆ ದಿನ ಇದ್ದ ದೊಡ್ಡ ಕೆಲಸವೆಂದರೆ ನೀರಿಗಿಳಿದ ಎಮ್ಮೆಗಳನ್ನು ಚಿತ್ರದಿಂದಾಚೆಗೆ ಅಟ್ಟುವುದು.

ಸ್ಟುಡಿಯೋದಲ್ಲಿ ಕೂತು ಮೊದಲು ಅವಳು ಹಸಿರನ್ನು ತೆಗೆದಳು. ಹಸಿರಿದ್ದರೆ ಹಾಸನ ಕಾಣುತ್ತದೆ. ಹುಲ್ಲು ಒಣ ಕಂದಾಯಿತು, ಕೆಮ್ಮಣ್ಣಿನ ದಡ ಗೋಧಿ ಹಿಟ್ಟಿನ ಬಣ್ಣಕ್ಕೆ ತಿರುಗಿತು. ನೀರಿಗೂ ನೆರಳಿಗೂ ನೀಲಿ ತುಂಬಿದಳು. ಮಂಜೇಶ ಹಿಂದೆ ನಿಂತು ನೋಡಿ, "ಸಮುದ್ರ ಏನೋ ಬಂತು. ಆದ್ರೆ ಮದುವೆ ಮುರಿದೋದಂಗೈತಲ್ಲ," ಎಂದ. ನಿಜ, ಅಷ್ಟು ನೀಲಿಯಲ್ಲಿ ಇಬ್ಬರೂ ಕೊನೆಯ ಸಲ ಭೇಟಿಯಾದವರಂತೆ ಕಾಣುತ್ತಿದ್ದರು. ಲತಾ ನೀಲಿಯನ್ನು ಪಾರಿವಾಳದ ಕತ್ತಿನ ಬಣ್ಣದತ್ತ ಹೊರಳಿಸಿದಳು, ಬೆಳಕು ಬಿದ್ದ ಕಡೆಗೆಲ್ಲ ಹಣ್ಣಾದ ಪರಂಗಿಯ ಬಣ್ಣ ಸವರಿದಳು. ಅಪ್ಪಟ ಕಪ್ಪು ಎಲ್ಲೂ ಉಳಿಯದಂತೆ ತೆಳು ಮಾಡಿದಾಗ, ಉಪ್ಪುಗಾಳಿ ಬೀಸಿ ಗಾಜಿಗೆ ತೇವ ಕೂತಂತಾಯಿತು. ನಿಧಿಯ ಕೆನ್ನೆ ಬೆಚ್ಚಗಾಯಿತು, ಹಿಂದಿನ ನೀರು ಆಕಾಶದವರೆಗೆ ಹೋಗಿ ನಿಂತಿತು. ತಾನು ಮಾಡಿದ್ದನ್ನು ತಾನೇ ನೋಡಿ ಲತಾಳಿಗೆ ಒಂದು ಕ್ಷಣ ಕಾಲು ತೇವವಾದಂತೆ ಅನ್ನಿಸಿತು.

ಆರತಕ್ಷತೆಯ ಸಂಜೆ ಚನ್ನರಾಯಪಟ್ಟಣದ ಕಲ್ಯಾಣ ಮಂಟಪದಲ್ಲಿ, ವೇದಿಕೆಯ ಪಕ್ಕದ ದೊಡ್ಡ ಎಲ್‌ಇಡಿ ಪರದೆಯ ಮೇಲೆ ಚಿತ್ರಗಳು ಒಂದೊಂದಾಗಿ ಬಂದವು. ಊಟಕ್ಕೆ ಎದ್ದವರು ಮತ್ತೆ ಕೂತರು. ಹಾಸನದ ಚಿಕ್ಕಪ್ಪನ ಮಗಳು ಐಸ್‌ಕ್ರೀಂ ಕಪ್ ಹಿಡಿದು ಪರದೆಯ ಮುಂದೆಯೇ ಬಂದು ನಿಂತಳು. ಒಬ್ಬರು ಇದು ಮರವಂತೆ ಎಂದರು. ಇನ್ನೊಬ್ಬರು ಗೋಕರ್ಣ ಎಂದರು. "ಅಲ್ಲೇ ಎಡಗಡೆ ಒಂದು ಎಳನೀರಂಗಡಿ ಐತೆ, ನಾವು ಕುಡಿದಿದ್ವಲ್ಲ," ಎಂದು ಒಬ್ಬರು ಹೆಂಡತಿಗೆ ನೆನಪಿಸಿದರು. ಹೆಂಡತಿಗೂ ನೆನಪಾಯಿತು. ಮೂಲೆಯಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದ ಲತಾಳಿಗೆ ನಗು ತಡೆಯಲಾಗದೆ ಲೆನ್ಸ್ ಒರೆಸುವ ನೆಪದಲ್ಲಿ ತಲೆ ತಗ್ಗಿಸಬೇಕಾಯಿತು.

ತಲೆ ಎತ್ತಿದಾಗ ಎದುರಿಗೆ ಪಂಚಾಕ್ಷರಯ್ಯ ನಿಂತಿದ್ದರು. ಹಣೆಯಲ್ಲಿ ವಿಭೂತಿ, ಮೈಮೇಲೆ ರೇಷ್ಮೆ ಶಲ್ಯ, ಮುಖದಲ್ಲಿ ಸಿಡಿಲು.

"ಇದ್ಯಾವೂರಮ್ಮ?"

"ಸಾ, ಅದು..."

"ಶೆಟ್ಟಿಹಳ್ಳಿಗೆ ಹೋಗ್ತೀವಿ ಅಂದ್ರು, ನಾನು ಒಪ್ಪಿದೆ. ಎಲ್ಲಿ ತೋರ್ಸಿ, ಇದ್ರಲ್ಲಿ ಚರ್ಚ್ ಎಲ್ಲೈತೆ? ನಂಗೆ ಸುಳ್ಳು ಹೇಳಿ ನಮ್ಮ ಹುಡುಗೀನ ಸಮುದ್ರಕ್ಕೆ ಕರ್ಕೊಂಡೋಗಿದ್ದೀರಿ."

ಇಂಥ ಇಕ್ಕಟ್ಟು ಬರಬಹುದೆಂದು ಲತಾ ಕನಸಿನಲ್ಲೂ ಎಣಿಸಿರಲಿಲ್ಲ. ಮಕ್ಕಳು ಅವರ ಮಾತು ಮೀರಿರಲಿಲ್ಲ. ಮೂಲ ಚಿತ್ರ ಲ್ಯಾಪ್‌ಟಾಪಿನಲ್ಲೇ ಇತ್ತು, ತೆರೆದು ತೋರಿಸಿದರೆ ಸಾಕಿತ್ತು. ಆದರೆ ಎರಡು ಮಾರು ದೂರದಲ್ಲಿ ಆ ಹಾಸನದ ಹುಡುಗಿ ಐಸ್‌ಕ್ರೀಂ ತಿನ್ನುವುದನ್ನು ನಿಲ್ಲಿಸಿ ಕಿವಿ ಇತ್ತಲೇ ಇಟ್ಟಿದ್ದಳು. ವೇದಿಕೆಯ ಮೇಲಿಂದ ನಿಧಿ, ಬಂದವರಿಗೆ ಕೈ ಮುಗಿಯುತ್ತಲೇ ಬೇಡ ಬೇಡ ಎಂದು ಕಣ್ಣಲ್ಲಿ ಬೇಡಿಕೊಳ್ಳುತ್ತಿದ್ದಳು. ಬಸವೇಶನ ಹೊಸ ಕೋಟು ಕಂಕುಳಲ್ಲಿ ಒದ್ದೆಯಾಗಿತ್ತು.

"ಏನ್ಲಾ ಪಂಚಾಕ್ಷರಿ, ಏನಂತೆ?"

ಮುಂದಿನ ಸಾಲಿನ ಕುರ್ಚಿಯಿಂದ ಕೇಳಿದ್ದು ಅವರ ತಾಯಿ ಗುರುಸಿದ್ದಮ್ಮ. ಮಂಡಿಯಲ್ಲಿ ಎಲ್ಲರನ್ನೂ ಗದರುವ ಪಂಚಾಕ್ಷರಯ್ಯ ಈ ಧ್ವನಿಗೆ ಮಾತ್ರ ಬಗ್ಗುತ್ತಿದ್ದರು.

"ನೋಡವ್ವ, ನಂಗೇಳ್ದೆ ಸಮುದ್ರಕ್ಕೆ ಹೋಗವ್ರೆ."

ಮುದುಕಿ ಪರದೆಯನ್ನು ನೋಡಿದಳು. ಮೊಮ್ಮಗಳ ಮುಖ ನೋಡಿದಳು. ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು.

"ಅದಕ್ಕೇನೀಗ. ನಾನೂ ಓಗಿದ್ನಲ್ಲ."

"ನೀನಾ?"

"ಊಂ. ನೀನು ತಿಪಟೂರಲ್ಲಿ ಉಳ್ಕಂಡಿದ್ದ ದಿನ. ಎಣ್ಣುಡ್ಗೀನ ಒಂಟಿಯಾಗಿ ಕಳ್ಸಕಾಯ್ತದಾ, ಅದ್ಕೇ ಜೊತೇಲಿ ನಾನೇ ಓದೆ. ಏಳಿದ್ರೆ ಬುಡ್ತಿರ್ನಿಲ್ಲ ಅಂತ ನಿಂಗೆ ಏಳ್ನಿಲ್ಲ ಕಣ್ಲಾ."

"ಮತ್ತೆ ಫೋಟೋದಲ್ಲಿ ನೀನೆಲ್ಲಿ?"

"ನಂದೂ ತೆಗ್ದವ್ಳೆ ಲತಾ. ಆಲ್ಬಮ್ಮಲ್ಲಿ ಬತ್ತದೆ. ಅಲ್ವೇನವ್ವ?"

ಅಲ್ಲಿಯ ತನಕ ಒಂದೂ ಸುಳ್ಳು ಹೇಳದೆ ಬಣ್ಣ ಮಾತ್ರ ಬಳಿದುಕೊಂಡು ಬಂದಿದ್ದ ಲತಾ ತಲೆಯಾಡಿಸಿದಳು. "ಹೌದು ಸಾ. ಆಲ್ಬಮ್ಮಲ್ಲಿ ಬರುತ್ತೆ."

ಪಂಚಾಕ್ಷರಯ್ಯ ತಾಯಿಯನ್ನೂ ಲತಾಳನ್ನೂ ನೋಡಿ, ಶಲ್ಯ ಸರಿಮಾಡಿಕೊಂಡು, ಬೀಗರನ್ನು ಊಟಕ್ಕೆ ಎಬ್ಬಿಸಲು ಹೋದರು. ಅವರು ಅತ್ತ ಹೋದದ್ದೇ ತಡ, ಹೆಂಗಸರೆಲ್ಲ ಗುರುಸಿದ್ದಮ್ಮನ ಸುತ್ತ ಕುರ್ಚಿ ಎಳೆದುಕೊಂಡರು. ಈ ವಯಸ್ಸಿನಲ್ಲಿ ಸಮುದ್ರ ನೋಡಿದ್ದೀರಂತೆ, ಹೇಗಿತ್ತು, ಹೇಳಿ.

"ಟೀವೀಲಿ ತೋರ್ಸದೆಲ್ಲ ಸುಳ್ಳು ಕಣ್ರವ್ವ," ಎಂದಳು ಮುದುಕಿ, ಪರದೆಯ ಕಡೆ ಒಂದು ಕಣ್ಣಿಟ್ಟು. "ಅಂಗೆಲ್ಲ ಎಗ್ರಾಡಲ್ಲ ಅದು. ಒಳ್ಳೆ ಕೆರೆ ಮಲಗ್ದಂಗೆ ತಣ್ಣಗೆ ಮಲಗಿರ್ತದೆ."

"ನೀರು ಉಪ್ಪಂತಲ್ಲ ಅಜ್ಜಿ?"

"ನಾನೇನು ಅಡುಗೆ ಮಾಡಕೋಗಿದ್ನಾ, ಉಪ್ಪು ನೋಡಕೆ."

ಮಾರನೆಯ ದಿನ ಧಾರೆ ಮುಗಿದು, ಮಂಟಪ ಖಾಲಿಯಾಗುವ ಹೊತ್ತಿಗೆ ಗುರುಸಿದ್ದಮ್ಮ ಲತಾಳ ಕೈ ಹಿಡಿದು ಮಹಡಿ ಹತ್ತಿದಳು. "ನಡಿಯವ್ವ, ನನ್ನೂ ಸಮುದ್ರಕ್ಕೆ ಆಕು," ಎಂದಳು. ತಾನು ಯಾವುದನ್ನೂ ಅಂಟಿಸುವವಳಲ್ಲ ಎಂದು ಲತಾ ಹೇಳಹೋದಳು. "ನಾನು ಯಾವತ್ತೂ ಸುಳ್ಳೇಳಿದೋಳಲ್ಲ, ನಿನ್ನ ಚಿತ್ರ ಉಳಿಸಕೆ ಏಳಿಲ್ವಾ?" ಎಂದಳು ಮುದುಕಿ. ಆ ಮಾತು ಕೂಡ ಸುಳ್ಳಿರಬಹುದೆಂದು ಲತಾಳಿಗೆ ಗುಮಾನಿಯಿತ್ತು, ಆದರೂ ಮಂಜೇಶನನ್ನು ಮೇಲಕ್ಕೆ ಕರೆದಳು.

ತಾರಸಿಯ ಮೇಲೆ ಸಂಜೆಯ ಬಿಸಿಲು ಅಡ್ಡಬಿದ್ದಿತ್ತು, ಹಿನ್ನೀರಿನ ದಿನ ಬಿದ್ದ ದಿಕ್ಕಿನಲ್ಲೇ. ಮಂಜೇಶ ಅಡುಗೆಮನೆಯಿಂದ ಟೇಬಲ್ ಫ್ಯಾನ್ ಹೊತ್ತು ತಂದು ಸೆರಗು ಹಾರುವಂತೆ ಹಿಡಿದ. ಗುರುಸಿದ್ದಮ್ಮ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. ಅದೇಕೆಂದು ಕೇಳಿದರೆ, "ಸಮುದ್ರದತ್ರ ಎಲ್ರೂ ಇಂಗೇ ಇಡ್ಕಳದು, ನೋಡಿವ್ನಿ," ಎಂದಳು. ನೀರಿನ ತೊಟ್ಟಿಯ ಕಡೆ ತಿರುಗಿ, ದೂರದಲ್ಲಿ ಹಡಗು ಬರುತ್ತಿರುವಂತೆ ಕಣ್ಣು ಕಿರಿದು ಮಾಡಿ ನಿಂತಳು. ಫ್ಯಾನಿನ ಗಾಳಿಗೆ ಬೆಳ್ಳಿಕೂದಲು ಎದ್ದು ಮುಖಕ್ಕೆ ಬಂತು. ಲತಾ ಅಷ್ಟು ಒಳ್ಳೆಯ ಚಿತ್ರವನ್ನು ಆ ಮದುವೆಯಲ್ಲಿ ಬೇರೊಂದು ತೆಗೆದಿರಲಿಲ್ಲ.

ಸ್ಟುಡಿಯೋದಲ್ಲಿ ಮುದುಕಿಯನ್ನು ದಡದ ಮೇಲೆ ನಿಲ್ಲಿಸಿದಾಗ ಮೊದಲು ಅವಳು ಯಾವುದೋ ಊರಿನಿಂದ ಹಾರಿ ಬಂದು ಬಿದ್ದವಳಂತೆ ಕಂಡಳು. ನೆರಳಿಗೆ ಅದೇ ಪಾರಿವಾಳದ ನೀಲಿ, ಕೆನ್ನೆಗೂ ಸೆರಗಿನಂಚಿಗೂ ಅದೇ ಪರಂಗಿ ಬಣ್ಣ ಹತ್ತಿದ ಮೇಲೆ ನೀರೂ ಅವಳೂ ಒಂದೇ ಸಂಜೆಯವರಾದರು. ಇಷ್ಟು ವರ್ಷ ಮಾಡದ ಕೆಲಸ ಮಾಡಿದ್ದಕ್ಕೆ ಲತಾಳಿಗೆ ನಾಚಿಕೆಯಾಗಬೇಕಿತ್ತು. ಆದದ್ದು ಸಂತೋಷ.

ಆಲ್ಬಂ ಹೋಯಿತು. ಅದು ಚನ್ನರಾಯಪಟ್ಟಣದ ನೆಂಟರ ಮನೆಗಳನ್ನೆಲ್ಲ ಸುತ್ತುತ್ತಿದೆ ಎಂದು ನಿಧಿ ಅರಕಲಗೂಡಿನಿಂದ ಫೋನ್ ಮಾಡಿ ಹೇಳಿದಳು. ಎಲ್ಲರೂ ನಿಲ್ಲುವುದು ಅಜ್ಜಿಯ ಪುಟದ ಹತ್ತಿರವೇ ಅಂತೆ.

ಮಳೆ ಶುರುವಾಗುವ ಹೊತ್ತಿಗೆ ಒಂದು ಬೆಳಗ್ಗೆ ಪಂಚಾಕ್ಷರಯ್ಯ ಒಬ್ಬರೇ ಸ್ಟುಡಿಯೋಗೆ ಬಂದರು. ಕಂಕುಳಲ್ಲಿ ಆಲ್ಬಂ ಇತ್ತು. ಸಿಕ್ಕಿಬಿದ್ದೆ ಎಂದುಕೊಂಡು ಲತಾ ಕುರ್ಚಿ ಕೊಟ್ಟಳು. ಅವರು ಅಜ್ಜಿಯ ಪುಟವನ್ನು ತೆರೆದು ಮೇಜಿನ ಮೇಲಿಟ್ಟರು.

"ಅವ್ವನ ಪಕ್ಕದಲ್ಲಿ ಜಾಗ ಐತಲ್ಲ."

"ಇದೆ ಸಾ."

"ಅಲ್ಲಿಗೆ ನನ್ನ ಹಾಕಕಾಯ್ತದಾ?"

ಲತಾ ಅವರನ್ನೇ ನೋಡಿದಳು. ಅವರು ಕಣ್ಣು ತಪ್ಪಿಸಿ ಪುಟದ ಅಂಚನ್ನು ಸವರುತ್ತಿದ್ದರು. "ಮಂಡಿಗೆ ಬಂದೋರೆಲ್ಲ ಕೇಳ್ತಾರಮ್ಮ. ನಿಮ್ಮವ್ವ ಈ ವಯಸ್ಸಲ್ಲಿ ಸಮುದ್ರ ನೋಡ್ಬುಟ್ರು, ನೀವ್ಯಾವಾಗ ಅಂತ. ನಾನೂ ಜೊತೇಲೇ ಇದ್ದೆ ಅಂತ ಒಬ್ಬರ ಹತ್ರ ಹೇಳ್ಬುಟ್ಟೆ."

"ನಿಜವಾಗ್ಲೂ ಹೋಗಿ ಬರಬಹುದಲ್ಲ ಸಾ. ಒಂದು ದಿನದ ದಾರಿ."

ಪಂಚಾಕ್ಷರಯ್ಯ ಎದ್ದು ಗಾಜಿನ ಬಾಗಿಲು ಮುಚ್ಚಿ ಬಂದು ಕೂತರು. "ಘಟ್ಟ ನಂಗಾಗಲ್ಲ. ಎರಡು ತಿರುವು ದಾಟೋದ್ರೊಳಗೆ ವಾಂತಿ. ಚಿಕ್ಕೋನಿದ್ದಾಗಿಂದ ಹಂಗೇ. ಮಗಳ ಜೊತೆ ಹೋಗಿ ಬರೋಣ ಅಂದ್ರೂ ಹೋಗಕಾಗಲ್ಲ, ಅದ್ಕೇ ಯಾರೂ ಹೋಗೋದ್ಬೇಡ ಅಂದಿದ್ದು. ಇದನ್ನ ಯಾರತ್ರಾನೂ ಹೇಳ್ಬೇಡಿ."

ಮದುವೆಯ ದಿನ ಸಿಡಿಲಿನಂತಿದ್ದ ಮುಖ ಈಗ ತಪ್ಪು ಮಾಡಿ ನಿಂತ ಹುಡುಗನ ಮುಖದಂತಿತ್ತು. ಅವರನ್ನು ಅಲ್ಲೇ ಗೋಡೆಗೆ ಒರಗಿಸಿ ಚಿತ್ರ ತೆಗೆದು ಅಂಟಿಸಿ ಕಳಿಸಬಹುದಿತ್ತು. ಲತಾಳಿಗೆ ಮನಸ್ಸು ಬರಲಿಲ್ಲ.

"ಘಟ್ಟ ಇಳೀದೇ ಅಲ್ಲಿಗೆ ಹೋಗೋ ದಾರಿ ಒಂದಿದೆ ಸಾ. ಭಾನುವಾರ ಅಮ್ಮನವರನ್ನೂ ಕರ್ಕೊಂಡು ಬನ್ನಿ."

ಪಂಚಾಕ್ಷರಯ್ಯ ಆಲ್ಬಂ ಮಡಚಿ ಕಂಕುಳಲ್ಲಿಟ್ಟುಕೊಂಡು ಎದ್ದರು.

ಭಾನುವಾರ ಮೋಡ ಕವಿದಿತ್ತು. ಕಾರು ಹಿನ್ನೀರಿನ ಬಳಿ ನಿಂತಿತು. ಗುರುಸಿದ್ದಮ್ಮ ಕೋಲೂರಿ ಇಳಿದು, ಜನ್ಮದಲ್ಲಿ ಮೊದಲ ಸಲ ಕಂಡ ಆ ನೀರನ್ನು ಉದ್ದಕ್ಕೂ ನೋಡಿದಳು. ಮುಖದಲ್ಲಿ ಒಂದಿಷ್ಟೂ ಬದಲಾವಣೆಯಿಲ್ಲ.

"ಓದ್ಸಲ ಬಂದಾಗ ನೀರು ಇನ್ನೂ ಅತ್ಲಾಗಿತ್ತು," ಎಂದಳು.

ಪಂಚಾಕ್ಷರಯ್ಯ ಬಲಗಡೆ ತಿರುಗಿದರು. ಚರ್ಚಿನ ಮುರಿದ ಗೋಡೆಗಳ ಸುತ್ತ ಜನ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವರು ಅದನ್ನು ಬಹಳ ಹೊತ್ತು ನೋಡಿದರು, ಆಮೇಲೆ ತಾಯಿಯನ್ನು ನೋಡಿದರು. ಲತಾ ಕ್ಯಾಮೆರಾದ ಹಿಂದೆ ಮುಖ ಮರೆಸಿಕೊಂಡು ಬೈಗುಳಕ್ಕೆ ಕಾದಳು. ಅವರ ಹೆಗಲು ಒಂದು ಸಲ ಅಲುಗಿತು, ಮತ್ತೊಂದು ಸಲ ಅಲುಗಿತು. ಹೊಟ್ಟೆ ಹಿಡಿದುಕೊಂಡು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ತಾಯಿ ಮಾತ್ರ ನಗಲಿಲ್ಲ. ಆಚೆ ದಡವನ್ನು ಗಂಭೀರವಾಗಿ ನೋಡುತ್ತಲೇ ಇದ್ದಳು.

"ಎಲ್ಲಿ ನಿಂತ್ಕೊಳ್ಲಮ್ಮ ನಾನು?" ಎಂದು ಕೇಳಿದರು ಪಂಚಾಕ್ಷರಯ್ಯ, ಕಣ್ಣೊರೆಸಿಕೊಂಡು.

"ನೀರಂಚಲ್ಲಿ ನಿಂತ್ಕೊಳಿ ಸಾ."

ಅವರು ಪಂಚೆ ಎತ್ತಿ ಕಟ್ಟಿ ನೀರಿಗಿಳಿದರು. ಅಂಚಿನಲ್ಲಿ ನಿಲ್ಲಲಿಲ್ಲ. ಮೊಣಕಾಲು ಮುಳುಗುವ ತನಕ ಹೋಗಿ, ಬಗ್ಗಿ ಅಂಗೈಯಿಂದ ನೀರನ್ನು ಚಟಾರನೆ ಹೊಡೆದರು. ಎದ್ದ ಸಣ್ಣ ಅಲೆ ಬಂದು ಗುರುಸಿದ್ದಮ್ಮನ ಪಾದಕ್ಕೆ ತಾಗಿತು.

"ಸಾಕು ಬಾರ್ಲಾ, ಶೀತ ಆಯ್ತದೆ."

"ಇನ್ನೊಂದ್ ಸ್ವಲ್ಪ ಇರವ್ವ," ಎಂದರು ಮಗ, ಇನ್ನೂ ಒಂದು ಹೆಜ್ಜೆ ಮುಂದಿಟ್ಟು. ಲತಾ ಕ್ಲಿಕ್ಕಿಸುತ್ತಲೇ ಹೋದಳು.