ಪದಾಧಿಕಾರಿಗಳು ಬಂದರು

ಗದ್ದ ಎತ್ತಿ ಹಿಡಿದಷ್ಟೂ ನೀತಾಳ ತಲೆ ಎಡಕ್ಕೇ ವಾಲುತ್ತಿತ್ತು. ಸಿದ್ದಾರೂಢ ಹೆಂಡತಿಯ ಕೆನ್ನೆಗೆ ಅಂಗೈ ಆನಿಸಿ ಮೊಣಕಾಲೂರಿ ಕುಳಿತಿದ್ದ. ಅವಳ ತಮ್ಮ ಮಾಂತು ಹಣೆಯ ಸುತ್ತ ಬಿಳಿ ಬಟ್ಟೆಯ ಪಟ್ಟಿ ಹಾಯಿಸಿ, ಹಿಂದಿನ ಗೋಡೆಯ ಮೊಳೆಗೆ ಬಿಗಿಯುತ್ತಿದ್ದ. ಹೆಣವನ್ನು ಕೂರಿಸಿಯೇ ಒಯ್ಯುವುದು ಅವರ ಪದ್ಧತಿ.

"ಇನ್ನಷ್ಟು ಜಗ್ಗಲೇನು ಮಾವಾ?"

"ಸಾಕು. ಆಕಿ ಚಸ್ಮಾ ಎಲ್ಲಿ ಐತಿ ನೋಡು. ಹಾಕು. ಅದಿಲ್ಲಂದ್ರ ಆಕಿ ಗುರುತ ಸಿಗೂದಿಲ್ಲ."

ಮಾಂತು ಕನ್ನಡಕ ಹಾಕಿದ. ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ಗಾಜಿನ ಹಿಂದಿನಿಂದ ನೀತಾ ಯಾರನ್ನೋ ಅಳೆಯುತ್ತಿರುವಂತೆ ಕಂಡಳು. ಮೂವತ್ತು ವರ್ಷ ಪುಣೆಯ ಸಣ್ಣ ದೊಡ್ಡ ಆಸ್ಪತ್ರೆಗಳಲ್ಲಿ ಆಪರೇಷನ್ನಿಗೆ ಮುಂಚೆ ಜನರ ಪ್ರಜ್ಞೆ ತಪ್ಪಿಸಿ, ಮುಗಿದ ಮೇಲೆ ಹೆಸರು ಹಿಡಿದು ಕೂಗಿ ಎಬ್ಬಿಸಿದ ಅರಿವಳಿಕೆ ವೈದ್ಯೆ ಅವಳು. ನಿನ್ನೆ ಸಂಜೆ ನಿಗಡಿಯ ಈ ಮನೆಯ ಮೆಟ್ಟಿಲು ಹತ್ತುವಾಗ ಕುಸಿದವಳನ್ನು ಎಬ್ಬಿಸಲು ಯಾರಿಗೂ ಆಗಿರಲಿಲ್ಲ.

ಬಾಲ್ಕನಿಯಲ್ಲಿದ್ದ ಮಗಳು ಸಪ್ನಾ ಒಳಗೆ ಬಂದಳು. ಅತ್ತು ಅವಳ ಮುಖ ಊದಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಅಪ್ಪಾ, ಸಂಘದ ಮಂದಿ ಬಂದಾರ. ಮೂರು ಗಾಡಿ ಅದಾವ. ದೊಡ್ಡ ಹಾರ ತಂದಾರ. ಫೋಟೊ ತೆಗಿಯಾಂವನೂ ಅದಾನ."

"ಯಾರು ಕರದ್ರು ಅವರನ್ನ?" ಮಾಂತು ಎದ್ದ. "ಮುಂದಿನ ತಿಂಗಳ ಸಂಘದ ಎಲೆಕ್ಷನ್ ಅದ ಅಲ್ಲ, ಅದಕ್ಕ ಬಂದಾರ. ಇಷ್ಟ ದಿನ ಒಬ್ಬ ಸೂಳೆಮಗನೂ ಈ ಮೆಟ್ಟಿಲ ಹತ್ತಿಲ್ಲ. ಗೇಟಿನಾಗ ನಿಲ್ಲಸ್ತೀನಿ ನಾ."

"ನಿಲ್ಲಸಬ್ಯಾಡ," ಎಂದ ಸಿದ್ದಾರೂಢ. "ಮ್ಯಾಲೆ ಬರಲಿ."

*

ಸಂಘವೆಂದರೆ ಆ ಭಾಗದ ಅರಿವಳಿಕೆ ವೈದ್ಯರ ಸಂಘ. ಎರಡು ವರ್ಷದ ಹಿಂದೆ ನೀತಾ ಅದರ ಕಾರ್ಯದರ್ಶಿ. ಅಧ್ಯಕ್ಷ ಡಾಕ್ಟರ್ ಸುಖೇಶ್, ಕರಾವಳಿಯಿಂದ ಬಂದು ಪುಣೆಯಲ್ಲಿ ಹೋಟೆಲು ನಡೆಸುವ ಮನೆತನದವನು. ಪದಾಧಿಕಾರಿಗಳ ಸಭೆ ವಿಮಾನ ನಗರದ ಅವನ ಅಣ್ಣನ ಹೋಟೆಲಿನಲ್ಲೇ ನಡೆಯುತ್ತಿತ್ತು.

ಆ ದಿನ ಮೇಜಿನ ಮೇಲಿದ್ದದ್ದು ಒಂದು ಹೇಳಿಕೆ. ಮಗರಪಟ್ಟಾ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಹೆರಿಗೆ ಆಪರೇಷನ್ನಿನ ವೇಳೆ ಒಬ್ಬಳು ಸತ್ತಿದ್ದಳು. ಅರಿವಳಿಕೆ ಕೊಟ್ಟವಳು ದೀಕ್ಷಿತಾ, ಆಗಷ್ಟೇ ಕೆಲಸಕ್ಕಿಳಿದಿದ್ದ ಹುಡುಗಿ. ತಪ್ಪು ಅವಳದೇ, ಸಂಘ ಅವಳ ಪರವಾಗಿ ನಿಲ್ಲುವುದಿಲ್ಲ ಎಂದು ಹೇಳಿಕೆಯಲ್ಲಿತ್ತು. ನರ್ಸಿಂಗ್ ಹೋಮ್ ಸುಖೇಶನ ಭಾವನದು.

"ಕಾರ್ಯದರ್ಶಿಯ ಸಹಿ ಬೇಕು ಡಾಕ್ಟ್ರೆ," ಎಂದ ಸುಖೇಶ್. "ದೊಡ್ಡ ವಿಷಯ ಏನೂ ಇಲ್ಲ."

"ನಿನ್ನೆ ನಾ ಹೋಗಿ ಆ ಥಿಯೇಟರ್ ನೋಡಿ ಬಂದೀನಿ. ಮಾನಿಟರ್ ಕೆಟ್ಟು ಕುಂತದ. ಯಾವಾಗಿಂದ ಅಂತ ಆಯಾನ್ನ ಕೇಳಿದ್ರ ನಕ್ಕಳು. ನಿಮ್ಮ ಭಾವಗ ಅದನ್ನ ರಿಪೇರಿ ಮಾಡಸಾಕ ಆಗಿಲ್ಲ. ಈಗ ಹುಡುಗಿ ಕೊರಳಿಗೆ ಕಟ್ಟಾಕ ಬಂದೀರಿ."

"ಯಾರು ಕಳಿಸಿದ್ದು ನಿಮ್ಮನ್ನು ಅಲ್ಲಿಗೆ?"

"ನನ್ನ ಕಳಸಾಕ ಯಾರ ಬೇಕ್ರಿ?"

ಅವಳ ಮಾತೇ ಹಾಗೆ. ಸಭೆಗೆ ತಡವಾಗಿ ಬಂದವರನ್ನು ಬಾಗಿಲಲ್ಲೇ ಬೈಯುತ್ತಿದ್ದಳು, ಭಾಷಣ ಉದ್ದವಾದರೆ ಎದ್ದು ಫ್ಯಾನು ನಿಲ್ಲಿಸುತ್ತಿದ್ದಳು. ಮೇಜಿನ ಸುತ್ತ ಇದ್ದವರಲ್ಲಿ ಅವಳಿಂದ ಒಂದಲ್ಲ ಒಂದು ದಿನ ಬೈಗುಳ ತಿನ್ನದವರಿರಲಿಲ್ಲ. ಅವಳನ್ನು ಕೆಳಗಿಳಿಸುವ ಮಾತು ಬಂದಾಗ ಕೈಗಳು ಸರಸರನೆ ಎದ್ದವು. ಮದ್ರಾಸಿನ ಸಮ್ಮೇಳನಗಳಲ್ಲಿ ಅವಳೊಂದಿಗೆ ಒಂದೇ ಕೋಣೆಯಲ್ಲಿ ಮಲಗಿದ್ದ ಖಜಾಂಚಿ ಪ್ರೇಮಾವತಿಯ ಕೈಯೂ ಎದ್ದಿತು.

ನೀತಾ ಎದ್ದು ಹೋಗಲಿಲ್ಲ. ಮುಂದಿದ್ದ ಚಹಾ ಮುಗಿಸಿದಳು. ತಟ್ಟೆಯಲ್ಲಿದ್ದ ಖಾರಿ ಬಿಸ್ಕತ್ತನ್ನೂ ಅದ್ದಿ ಅದ್ದಿ ತಿಂದಳು.

*

ಪದಾಧಿಕಾರಿಗಳು ಚಪ್ಪಲಿ ಬಿಟ್ಟು ಒಳಗೆ ಬಂದರು. ಸುಖೇಶ್ ಮುಂದೆ, ಪ್ರೇಮಾವತಿ ಸೆರಗಿನಿಂದ ಮೂಗು ಒತ್ತಿಕೊಂಡು ಅವನ ಹಿಂದೆ, ಆಮೇಲೆ ಮರಾಠಿಯಲ್ಲಿ ಪಿಸುಗುಡುತ್ತ ಉಳಿದವರು. ಕೊನೆಗೆ ಸಂಘದ ಹೆಸರಿನ ಪಟ್ಟಿಯಿದ್ದ ಹೂವಿನ ಚಕ್ರ ಹಿಡಿದುಕೊಂಡು ದೀಕ್ಷಿತಾ.

ಸಪ್ನಾ ಅವಳನ್ನೇ ನೋಡಿದಳು. "ಇಕಿ ಯಾಕ ಇವರ ಜೋಡಿ?"

"ಈಗ ಇವರೇ ನಮ್ಮ ಸಹಕಾರ್ಯದರ್ಶಿ," ಎಂದ ಸುಖೇಶ್. ದೀಕ್ಷಿತಾ ತಲೆ ಎತ್ತಲಿಲ್ಲ.

"ಕುಂಡರ್ರಿ," ಎಂದ ಸಿದ್ದಾರೂಢ.

ಕುರ್ಚಿಗಳನ್ನೆಲ್ಲ ಮೊದಲೇ ಹೊರಗೆ ಹಾಕಿದ್ದರು. ಅವರು ಜಮಖಾನದ ಮೇಲೆ ಸಾಲಾಗಿ ಕುಳಿತರು. ಎದುರಿಗೆ, ಅವರದೇ ಎತ್ತರದಲ್ಲಿ, ಹಣೆಯ ತುಂಬ ವಿಭೂತಿ ಬಳಿದುಕೊಂಡು, ಕನ್ನಡಕ ಹಾಕಿಕೊಂಡು ನೀತಾ ಕುಳಿತಿದ್ದಳು. ಪ್ರೇಮಾವತಿ ಒಮ್ಮೆ ನೋಡಿ ಮುಖ ತಿರುಗಿಸಿದಳು. ಯಾರೋ ಕೆಮ್ಮಿದರು. ಸುಖೇಶ್ ಚೀಲದಿಂದ ರೇಷ್ಮೆ ಶಾಲು ತೆಗೆದು ಎದ್ದ.

"ಸಂಘದ ಪರವಾಗಿ ಇದನ್ನು ಹೊದಿಸಿ ಎರಡು ಮಾತು…"

"ಬ್ಯಾಡ್ರಿ," ಎಂದ ಸಿದ್ದಾರೂಢ.

"ಸಂಪ್ರದಾಯ ಉಂಟು ಮಾರಾಯ್ರೆ. ಅವರು ನಮ್ಮ ಹಿರಿಯ ಸದಸ್ಯರು."

"ಅಕ್ಕನ ಮೈಮ್ಯಾಲೆ ಅದು ಬಿತ್ತಂದ್ರ," ಮಾಂತು ಮುಂದೆ ಬಂದ, "ಅದರಾಗ ನಿನ್ನ ಸುತ್ತಿ ಕೆಳಗ ಒಗೀತೀನಿ."

ಸುಖೇಶನ ಮುಖ ಕೆಂಪೇರಿತು. "ನೋಡಿ, ನಾನು ಬರಬೇಕಾಗಿರಲಿಲ್ಲ. ನಾಲ್ಕು ವರ್ಷ ಈ ಹೆಂಗಸು ನನ್ನನ್ನು ಎಲ್ಲರೆದುರು ಏನೇನು ಅಂದಿದ್ದಾರೆ, ನಿಮಗೆ ಗೊತ್ತುಂಟಾ? ಮೆಡಿಕಲ್ ಕೌನ್ಸಿಲಿಗೆ ಹೋಗಿ ನನ್ನ ಮನೆಯವರ ವಿರುದ್ಧ ಸಾಕ್ಷಿ ಹೇಳಿದ್ರು. ಆದ್ರೂ ಬಂದಿದ್ದೇನೆ."

"ಗೊತ್ತೈತ್ರಿ," ಎಂದ ಸಿದ್ದಾರೂಢ. ಆಕುರ್ಡಿಯಲ್ಲಿ ಬೇರಿಂಗ್ ಅಂಗಡಿ ಇಟ್ಟಿದ್ದ ಅವನು ಹೆಂಡತಿ ಮನೆಯಲ್ಲಿದ್ದಾಗ ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ. ಈಗಲೂ ಎತ್ತಲಿಲ್ಲ. "ನನಗೂ ಅಂದಾಳ. ನಿಮಗಿಂತ ಹೆಚ್ಚ ಅಂದಾಳ. ಅದಕ್ಕ ನಿಮ್ಮನ್ನ ಮ್ಯಾಲೆ ಕರದೆ. ಶಾಲು ಬ್ಯಾಡ, ಮಾತು ಬ್ಯಾಡ, ಫೋಟೊ ಬ್ಯಾಡ. ಆಕಿ ಮುಂದ ಸುಮ್ಮ ಕುಂಡರ್ರಿ. ಆಮ್ಯಾಲೆ ಹೋಗ್ರಿ."

ಸುಖೇಶ್ ಶಾಲು ಹಿಡಿದುಕೊಂಡೇ ನಿಂತಿದ್ದ. ಆಮೇಲೆ ಕುಳಿತ. ಫ್ಯಾನಿನ ಗಾಳಿಗೆ ನೀತಾಳ ಸೆರಗಿನ ತುದಿ ಅಲ್ಲಾಡುತ್ತಿತ್ತು. ಅವಳ ಕನ್ನಡಕದಲ್ಲಿ ಕಿಟಕಿಯ ಬೆಳಕು ಬಿದ್ದು, ಅವಳು ಯಾರನ್ನು ನೋಡುತ್ತಿದ್ದಾಳೆಂದು ತಿಳಿಯುವಂತಿರಲಿಲ್ಲ. ಮೊದಲು ಎದ್ದವಳು ಪ್ರೇಮಾವತಿ. ಕೈ ಮುಗಿಯಲೂ ಮರೆತು ಮೆಟ್ಟಿಲಿಳಿದಳು. ಉಳಿದವರು ಅವಳ ಹಿಂದೆ ಹೋದರು.

"ಸತ್ತ ಮೇಲೂ ಜಗಳ ಬಿಡ್ಲಿಲ್ಲ," ಎಂದ ಸುಖೇಶ್ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತ.

*

ನೀತಾಳ ಸಾಕ್ಷಿ ಕೇಳಿ ಕೌನ್ಸಿಲ್ ದೀಕ್ಷಿತಾಳನ್ನು ದೋಷಮುಕ್ತಳೆಂದಿತು. ಅದರ ನಂತರ ನೀತಾಳಿಗೆ ಕರೆಗಳು ಕಡಿಮೆಯಾದವು. ಅರಿವಳಿಕೆ ವೈದ್ಯರಿಗೆ ತಮ್ಮದೇ ರೋಗಿಗಳಿಲ್ಲ, ಸರ್ಜನ್ನರು ಕರೆದರೆ ಕೆಲಸ. "ಈ ಸಲ ಬೇರೆಯವರಿಗೆ ಹೇಳಿದ್ದೇವೆ ಮೇಡಂ" ಎಂದು ಮೊದಮೊದಲು ಮರಾಠಿಯಲ್ಲಿ ನಯವಾಗಿ ಹೇಳುತ್ತಿದ್ದರು. ಆಮೇಲೆ ಅದನ್ನೂ ಹೇಳಲಿಲ್ಲ. ಕೊನೆಯ ವರ್ಷ ಅವಳಿಗಿದ್ದದ್ದು ಮಕ್ಕಳ ಹಲ್ಲಿನ ಡಾಕ್ಟರೊಬ್ಬನ ಕ್ಲಿನಿಕ್ ಮಾತ್ರ.

ಒಂದು ಭಾನುವಾರ ಅವಳು ಮನೆಯ ಪಾತ್ರೆಗಳನ್ನೆಲ್ಲ ಕೆಳಗಿಳಿಸಿ ತಿಕ್ಕುತ್ತಿದ್ದಾಗ ಸಪ್ನಾ ತಡೆಯಲಾರದೆ ಕೇಳಿದಳು.

"ಸಹಿ ಮಾಡಿದ್ರ ಏನಾಗ್ತಿತ್ತು ಮಮ್ಮಿ? ಯಾರದೋ ಹುಡುಗಿ. ಇವತ್ತಿಗೂ ಒಂದು ಫೋನ್ ಮಾಡಿಲ್ಲ ಆಕಿ."

"ಆ ಹುಡುಗಿ ಸಲುವಾಗಿ ನಾ ಎಲ್ಲಿ ಮಾಡೀನಿ?" ನೀತಾ ಪಾತ್ರೆಯಿಂದ ತಲೆ ಎತ್ತಲಿಲ್ಲ. "ಆ ಸುಖ್ಯಾನ ಮುಂದ ಹೂಂ ಅನ್ನಾಕ ನನಗ ಬಾಯಿ ಬರಲಿಲ್ಲ. ಅಷ್ಟ."

"ಅಂದ್ರ ಬರೇ ಹಟ."

"ಹೂಂ, ಹಟ. ಆ ಡಬ್ಬಿ ಕೊಡು ಇತ್ತಾಗ."

ಅಮ್ಮ ಮಗಳು ಆಮೇಲೆ ಆ ವಿಷಯ ಎತ್ತಲಿಲ್ಲ. ಬೇರೆ ವಿಷಯಗಳೂ ಹೆಚ್ಚು ಉಳಿಯಲಿಲ್ಲ.

*

ರುದ್ರಭೂಮಿಯಲ್ಲಿ ಮಠದ ಅಯ್ಯನವರು ಕುಣಿಯೊಳಗೆ ಇಳಿದು ನಿಂತು ನೀತಾಳನ್ನು ಕೂರಿಸಿಕೊಂಡರು. ಕನ್ನಡಕ ತೆಗೆದು ಮೇಲೆ ಕೊಟ್ಟರು. ಎಡಗೈಯಲ್ಲಿ ಲಿಂಗವಿಟ್ಟು, ಸುತ್ತಲೂ ವಿಭೂತಿ ಗಟ್ಟಿಗಳನ್ನು ಜೋಡಿಸಿ, ಬಿಲ್ವಪತ್ರೆ ಸುರಿದರು. ಆಮೇಲೆ ಮಣ್ಣು. ಸಿದ್ದಾರೂಢ ಹಾಕಿದ, ಸಪ್ನಾ ಹಾಕಿದಳು, ಮಾಂತು ಬಾಯಿಗೆ ಟವೆಲು ಒತ್ತಿಕೊಂಡು ಹಾಕಿದ.

ಗೇಟಿನಿಂದ ಒಬ್ಬಳೇ ನಡೆದು ಬಂದ ದೀಕ್ಷಿತಾ ಬಗ್ಗಿ ಮಣ್ಣು ಬಾಚಿಕೊಂಡಳು.

"ಏ, ನೀ ದೂರ ಸರಿ," ಎಂದ ಮಾಂತು.

"ಮಣ್ಣು ಕೊಡಾಕ ಬಂದವರನ್ನ ತಡೀಬಾರದು," ಎಂದರು ಅಯ್ಯನವರು.

ಅವಳು ಎರಡು ಕೈ ತುಂಬ ಹಾಕಿದಳು. ಹಸಿ ಮಣ್ಣು ಮೊಣಕೈವರೆಗೂ ಮೆತ್ತಿತು.

ಮೂಲೆಯ ನಲ್ಲಿಯಲ್ಲಿ ಅವಳು ಕೈ ತೊಳೆಯುತ್ತಿದ್ದಾಗ ಸಪ್ನಾ ಹಿಂದೆ ಬಂದು ನಿಂತಳು.

"ನೀ ಅವರ ಜೋಡಿ ಸೇರಿದ್ದು ಮಮ್ಮಿಗೆ ಗೊತ್ತಿತ್ತೇನು?"

"ನಾನೇ ಬಂದು ಹೇಳಿದ್ದೆ. ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದ್ರು. ಊಟ ಆಗಿದೆಯಾ ಅಂದ್ರು. ಇಲ್ಲ ಅಂದೆ." ದೀಕ್ಷಿತಾ ಉಗುರುಗಳನ್ನು ಒಂದೊಂದಾಗಿ ತಿಕ್ಕಿದಳು. "ಬಾಗಿಲು ಹಾಕಿಕೊಂಡ್ರು."

ಸಪ್ನಾ ಮೂಗಿನಲ್ಲೇ ನಕ್ಕಳು. ಅದು ಪೂರ್ತಿ ಅವಳ ಅಮ್ಮನೇ.

"ಮತ್ತ ಯಾಕ ಸೇರಿದಿ?"

"ಆಪರೇಷನ್ ಕೇಸ್ ಬರಬೇಕಲ್ಲ. ನಿಮ್ಮ ಅಮ್ಮನಿಗೆ ಬರ್ಲಿಲ್ಲ, ನಾನು ನೋಡ್ತಾ ಇದ್ದೆ." ಅವಳು ತಿರುಗಿದಳು. "ನೀವಾಗಿದ್ರೆ ಏನು ಮಾಡ್ತಿದ್ರಿ?"



ದೀಕ್ಷಿತಾ ಪಕ್ಕಕ್ಕೆ ಸರಿದಳು. ನಲ್ಲಿ ನಿಲ್ಲಿಸಲಿಲ್ಲ. ತೊಳೆದ ಕೈಗಳನ್ನು ಎದೆಮಟ್ಟಕ್ಕೆ ಎತ್ತಿ, ಏನನ್ನೂ ಮುಟ್ಟದೆ, ಆಪರೇಷನ್ ಕೋಣೆಯ ಬಾಗಿಲಲ್ಲಿ ನಿಲ್ಲುವಂತೆ ನಿಂತು ಅವಳಿಗೆ ಜಾಗ ಬಿಟ್ಟಳು. ಸಪ್ನಾ ಬೀಳುತ್ತಿದ್ದ ನೀರನ್ನು ನೋಡಿದಳು. ಆಮೇಲೆ ಮಣ್ಣುಗೈಯಲ್ಲೇ ಹೋಗಿ ಗೇಟಿನಾಚೆ ನಿಂತಿದ್ದ ತಮ್ಮ ಕಾರಿನ ಬಾಗಿಲು ತೆರೆದಳು. ಬಿಳಿ ಬಾಗಿಲ ಮೇಲೆ ಐದೂ ಬೆರಳು ಮೂಡಿದವು. ಹಿಂದೆ ನೀರು ಕಲ್ಲಿನ ಮೇಲೆ ಬೀಳುತ್ತಲೇ ಇತ್ತು.