ಕರಿ ಕಂಬಳಿಯ ಅಂಚು

ಕಂದು ಬೂಟು, ಹೊಸದು, ಲೇಸಿನ ತುದಿಗೆ ಕುರಿ ಹಿಕ್ಕೆಯ ಪುಡಿ, ಇನ್ನೂ ಅಲ್ಲೇ ಇದೆ, ಕಂಬಳಿಯ ಮೇಲೆ, ಅರಿಶಿನದ ಭಂಡಾರವಿಟ್ಟು ಪೂಜೆ ಮಾಡುವ ಕರಿ ಕಂಬಳಿ, ಮಗಳ ಸಾಹೇಬರು ಬರುತ್ತಾರೆಂದು ಅವ್ವ ಅದನ್ನೇ ತಂದು ಈ ಬೇವಿನ ನೆರಳಿಗೆ ಹಾಸಿದಳು, ಹಾಸಿ ಮುಟ್ಟಿ ಕಣ್ಣಿಗೊತ್ತಿಕೊಂಡಳು, ಕಂಪನಿಯ ಎಂಡಿ ಸಾಹೇಬರು ಫೋನಿನಲ್ಲಿದ್ದರು, ಹಾಗೇ ಬಂದು ಕುಳಿತರು, ಬೂಟು ಬಿಚ್ಚಲು ಬಗ್ಗಿದ್ದ ಮ್ಯಾನೇಜರೊಬ್ಬ ಅವರ ಕಾಲು ನೋಡಿ ಮತ್ತೆ ಲೇಸು ಕಟ್ಟಿಕೊಂಡ — ಹೇಳು ಮಹಾನಂದಾ, ಮೂರೇ ಪದ, ಸರ್ ಬೂಟು ಬಿಚ್ಚಿ, ನೀನು ಕಲಿಸುವುದು ಇದನ್ನೇ ತಾನೇ, ದೊಡ್ಡವರ ತಪ್ಪನ್ನೂ ಬಾಯಿಬಿಟ್ಟು ಹೇಳುವ ಸಂಸ್ಕೃತಿ ನಮ್ಮದು ಎಂದು ಯಾದಗಿರಿ ಹತ್ತಿರದ ಇವರ ಔಷಧಿ ಕಾರ್ಖಾನೆಯ ಗೋಡೆಗೆ ಬರೆಸಿದವಳು ನೀನೇ, ಕಂಪನಿಗಳ ಸಂಸ್ಕೃತಿ ತಿದ್ದುವ ಸಲಹೆಗಾರ್ತಿ, ಅದೇನ್ ಕೆಲಸಾ ಯವ್ವಾ ಎಂದು ಅವ್ವ ಕೇಳಿದ್ದಳು, ದೊಡ್ಡವ್ರಿಗಿ ಬುದ್ಧಿ ಹೇಳೂದಾ, ಅದಕ್ಕ ಪಗಾರ ಕೊಡ್ತಾರಾ, ನಾ ಪುಕ್ಕಟ ಹೇಳ್ತೀನಿ ಕರಕೊಂಡ ಬಾ — ನಕ್ಕಿದ್ದೆವು, ಕರೆತಂದೆ, ಕುರಿಮಂದೆ ಹೇಗೆ ಒಗ್ಗಟ್ಟಾಗಿ ನಡೆಯುತ್ತದೆ ನೋಡಲಿ ಎಂದು ಕೆಂಭಾವಿ ದಾಟಿ ನಮ್ಮ ಹಟ್ಟಿಯವರೆಗೆ, ಎಲ್ಲ ನನ್ನದೇ ಅತಿಬುದ್ಧಿ, ಊಟವಾದ ಮೇಲೆ ಮುಂದಿನ ವರ್ಷದ ಕರಾರಿಗೆ ಸಹಿ ಹಾಕೋಣ ಎಂದಿದ್ದಾರೆ, ಊಟವಾಗಲಿ, ಸಹಿಯಾಗಲಿ, ಆಮೇಲೆ ಹೇಳಿದರಾಯಿತು, ಆಮೇಲೆ ಯಾತಕ್ಕೆ, ಅಷ್ಟರಲ್ಲಿ ಎದ್ದೇ ಹೋಗಿರುತ್ತಾರೆ — ಅಸದನೂ ಹೀಗೇ ಅಂದುಕೊಂಡನೇನೋ, ಕಾರ್ಖಾನೆಯ ಅಸದ, ಉಗಿ ಪೈಪು ಸೋರುವುದನ್ನು ಕಂಡ, ಎಂಡಿ ಎದುರಿಗಿದ್ದರೆಂದು ಸುಮ್ಮನಿದ್ದ, ಬಲಗೈ ಬೆಂದು ಬೆರಳು ಮಡಚದಂತಾಯಿತು, ಆ ಅವಘಡವಾದ ಮೇಲೆಯೇ ನನ್ನನ್ನು ಕರೆಸಿದ್ದು, ಯಾಕೆ ಹೇಳಲಿಲ್ಲ ಎಂದು ಕೇಳಿದೆ, ಎಸಿ ರೂಮಿನಲ್ಲಿ ಕಾಲ ಮೇಲೆ ಕಾಲು ಹಾಕಿ, ಹ್ಯಾಂಗ್ ಹೇಳೂದ್ರಿ ಮೇಡಂ, ನಾಲಿಗಿ ಏಳಲಿಲ್ರಿ, ಅಂದ, ಧೈರ್ಯ ಕಡಿಮೆ ಎಂದು ಬರೆದುಕೊಂಡೆ, ನಾಚಿಕೆಯಾಗಬೇಕು ನನಗೆ, ಆಗುತ್ತಿದೆ, ನಾಲಗೆ ಮಾತ್ರ ಏಳುತ್ತಿಲ್ಲ — ಅವ್ವ ರೊಟ್ಟಿಬುಟ್ಟಿ ಹಿಡಿದು ಬಂದಳು, ಬೂಟು ಕಂಡಳು, ನಿಂತಳು, ಶಹಾಪುರದ ಸಂತೆಯಲ್ಲಿ ಕುರಿ ದಲ್ಲಾಳಿಗಳ ಬಾಯಿ ಮುಚ್ಚಿಸುವವಳು, ಏನ್ರಿ ಸಾಹೇಬ್ರ, ಎಂದಳು, ಅದೇ ಸಂತೆಯ ದನಿ, ನಾನು ಕಣ್ಣಲ್ಲೇ ಬೇಡ ಎಂದೆ, ಬೇಡವ್ವಾ, ಅವಳು ನನ್ನನ್ನು ನೋಡಿದಳು, ಬುಟ್ಟಿಗೆ ಕೈ ಹಾಕಿದಳು, ರೊಟ್ಟಿ ಹಾಕ್ಲೇನ್ರಿ, ಎಂದಳು, ದನಿ ಇಳಿದಿತ್ತು, ನನ್ನ ಜೀವಮಾನದಲ್ಲಿ ಅವಳ ಬಾಯಲ್ಲಿ ಆ ದನಿ ಕೇಳಿಲ್ಲ, ಕಂಬಳಿಯ ಅಂಚಿನಾಚೆ ಬರಿಗಾಲಲ್ಲಿ ನಿಂತು ಬಗ್ಗಿ ಬಗ್ಗಿ ಬಡಿಸುತ್ತಿದ್ದಾಳೆ, ನಿಮ್ಮ ತಾಯಿ ಎಷ್ಟು ಬಿಚ್ಚುಮನಸ್ಸಿನವರು ಮೇಡಂ, ಎಂದರು ಎಂಡಿ, ನಮ್ಮ ಕಂಪನಿಗೂ ಇಂಥ ವಾತಾವರಣವೇ ಬೇಕು, ನೀವ್ಯಾಕೆ ನಿಂತಿದ್ದೀರಿ, ಬನ್ನಿ, ಕೂತ್ಕೊಳ್ಳಿ — ಸರ್, ಎಂದೆ, ಹೇಳಿ ಮೇಡಂ, ಎಂದರು, ಎಲ್ಲರೂ ನನ್ನ ಕಡೆ ತಿರುಗಿದರು, ಹೇಳು, ಈಗ ಹೇಳು, ಏನಿಲ್ಲ ಸರ್, ಬಂದೆ, ಒಂದು ಹೆಜ್ಜೆ, ಇನ್ನೊಂದು, ಅವ್ವನ ಕೈಯಲ್ಲಿ ರೊಟ್ಟಿ ಹಾಗೇ ನಿಂತಿದೆ, ಈಗ ಬೂಟು ನೋಡುತ್ತಿಲ್ಲ ಅವಳು, ಅದರ ಪಕ್ಕಕ್ಕೆ ನೋಡುತ್ತಿದ್ದಾಳೆ, ಕಂಬಳಿಯ ಮೇಲೆ, ಕಂದು ಬೂಟಿನ ಪಕ್ಕ, ನನ್ನ ಚಪ್ಪಲಿ